ಮನೆಯ ಹಳೆ ಕಂಪ್ಯೂಟರಿಗೆ ಲಿನಕ್ಸ್ ಹಾಕಬಹುದೇ? ಕಾಸರಗೋಡಿನ ಮನೆಗಳಿಗೊಂದು ಮಾರ್ಗದರ್ಶಿ

ಕಾಸರಗೋಡಿನ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಮಗು ನಿಮ್ಮ ಮನೆಯಲ್ಲಿದ್ದರೆ, ಲಿನಕ್ಸ್ ಗೊತ್ತಿರುವ ಒಬ್ಬರು ಈಗಾಗಲೇ ನಿಮ್ಮ ಮನೆಯಲ್ಲಿದ್ದಾರೆ. ಲಿನಕ್ಸ್ ಅಂದರೆ ವಿಂಡೋಸ್‌ನ ಹಾಗೆ ಕಂಪ್ಯೂಟರನ್ನು ನಡೆಸುವ, ಆದರೆ ಉಚಿತವಾಗಿ ಸಿಗುವ ತಂತ್ರಾಂಶ. ಕೇರಳದ ಈ ಶಾಲೆಗಳ ಕಂಪ್ಯೂಟರ್ ಲ್ಯಾಬಿನಲ್ಲಿ ಮಕ್ಕಳು ಕಲಿಯುವುದು ವಿಂಡೋಸ್ ಅಲ್ಲ. 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪೆನಿಯಾಯಿತು. ಅವರು ಲಿನಕ್ಸ್‌ನ ಒಂದು ರೂಪವಾದ ಉಬುಂಟುವನ್ನು ಶಾಲೆಗೆ ಹೊಂದುವಂತೆ ತಿದ್ದಿ ಕೊಡುತ್ತಾರೆ. ಬದಿಯಡ್ಕದ ಮಗುವಾಗಲಿ ಮಂಜೇಶ್ವರದ ಮಗುವಾಗಲಿ, ಹತ್ತನೇ ಕ್ಲಾಸಿನ ಐಟಿ ಪರೀಕ್ಷೆ ಬರೆಯುವುದು ಅದರಲ್ಲೇ.

ಅದೇ ಮಗು ಮನೆಗೆ ಬಂದರೆ ಅಲ್ಲಿರುವುದು ಹಳೆ ವಿಂಡೋಸ್ 10. ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು. ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. 2017ಕ್ಕಿಂತ ಮೊದಲು ಕೊಂಡ ಮೆಷಿನ್‌ಗಳು ಈ ಪಟ್ಟಿಯಲ್ಲಿ ಬರುವುದಿಲ್ಲ. ಯಂತ್ರ ಚೆನ್ನಾಗಿಯೇ ಇದೆ, ಆದರೆ ಅದನ್ನು ಗುಜರಿಗೆ ಹಾಕಿ ಹೊಸದು ತನ್ನಿ ಅನ್ನುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಅದಕ್ಕೇ ಈ ಲೇಖನ.

ಕಂಪ್ಯೂಟರ್ ಬಗ್ಗೆ ಏನೂ ಗೊತ್ತಿಲ್ಲದವರಿಗೆ ಲಿನಕ್ಸ್ ಆಗುತ್ತದಾ ಅಂತ ಜನ ಕೇಳುತ್ತಾರೆ. ನನ್ನ ಪ್ರಕಾರ ನೋಡಬೇಕಾದ್ದು ನಿಮಗೆ ಎಷ್ಟು ಗೊತ್ತು ಎಂಬುದನ್ನಲ್ಲ. ಆ ಕಂಪ್ಯೂಟರಿನಿಂದ ನಿಮ್ಮ ಮನೆಯಲ್ಲಿ ಯಾವ ಕೆಲಸ ಆಗಬೇಕು? ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕೇಳಲು ಹತ್ತಿರದಲ್ಲಿ ಯಾರಿದ್ದಾರೆ? ಇವೆರಡಕ್ಕೆ ಉತ್ತರ ಸಿಕ್ಕರೆ ನಿರ್ಧಾರ ಸುಲಭ. ಎರಡನೇ ಪ್ರಶ್ನೆಯ ವಿಷಯದಲ್ಲಿ ನಮ್ಮ ಜಿಲ್ಲೆಯವರು ಅದೃಷ್ಟವಂತರು. ಊರೂರಲ್ಲಿ ಲಿನಕ್ಸ್ ಕಲಿಸುವ ಶಾಲೆಗಳಿವೆ, ಅಲ್ಲಿ ಐಟಿ ಹೇಳಿಕೊಡುವ ಟೀಚರ್‌ಗಳಿದ್ದಾರೆ.

ಮೊದಲು ಕೆಲಸಗಳ ಪಟ್ಟಿ ಮಾಡಿ

ಒಂದು ವಾರ ಕಂಪ್ಯೂಟರಿನ ಪಕ್ಕ ಒಂದು ಚೀಟಿ ಇಡಿ. ಯಾರು ಯಾವ ಕೆಲಸಕ್ಕೆ ಕೂತರೂ ಅದರಲ್ಲಿ ಬರೆಯಲಿ. ಯೂಟ್ಯೂಬ್ ನೋಡಿದ್ದು, ಕರೆಂಟ್ ಬಿಲ್ ಕಟ್ಟಿದ್ದು, ಬ್ಯಾಂಕಿನ ಲೆಕ್ಕ ನೋಡಿದ್ದು, ವಾಟ್ಸಾಪ್ ವೆಬ್, ಪಂಚಾಯತಿಗೆ ಬರೆದ ಅರ್ಜಿ, ಅಡಿಕೆ ಮಾರಿದ ಲೆಕ್ಕ, ಮದುವೆಯ ಫೋಟೊ, ಮಗುವಿನ ಪ್ರಾಜೆಕ್ಟ್, ಎಲ್ಲವೂ.

ಹೆಚ್ಚಿನ ಮನೆಗಳಲ್ಲಿ ಈ ಪಟ್ಟಿಯ ಬಹುಪಾಲು ಬ್ರೌಸರಿನೊಳಗೇ ಆಗುವ ಕೆಲಸ. ಫೈರ್‌ಫಾಕ್ಸ್ ಮತ್ತು ಕ್ರೋಮ್ ಲಿನಕ್ಸ್‌ನಲ್ಲೂ ಇವೆ, ಬ್ಯಾಂಕಿನ ಪುಟವೂ ಗೂಗಲ್ ಮೀಟ್ ಕೂಡಾ ಅವುಗಳಲ್ಲಿ ನಡೆಯುತ್ತವೆ. ಪತ್ರ ಮತ್ತು ಲೆಕ್ಕಕ್ಕೆ ಲಿಬ್ರೆಆಫೀಸ್ ಇದೆ, ವಿಡಿಯೊಗೆ ವಿಎಲ್‌ಸಿ ಇದೆ. ಇಷ್ಟೇ ಕೆಲಸ ಅಂತಾದರೆ ಧೈರ್ಯವಾಗಿ ಮುಂದುವರಿಯಿರಿ.

ನಿಧಾನಿಸಬೇಕಾದ ಕೆಲವು ಜಾಗಗಳಿವೆ. ಅಂಗಡಿ ಲೆಕ್ಕ ಟ್ಯಾಲಿಯಲ್ಲಿದ್ದರೆ ಆ ಕಂಪ್ಯೂಟರಿನ ವಿಂಡೋಸ್ ತೆಗೆಯಬೇಡಿ, ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು. ಟೆಂಡರ್ ಅಥವಾ ಕಂಪೆನಿ ಕೆಲಸಕ್ಕೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರೂ ವಿಂಡೋಸ್ ಉಳಿಸಿಕೊಳ್ಳಿ. ಲಿನಕ್ಸ್‌ನಲ್ಲಿ ಅದನ್ನು ನಡೆಸಬಹುದಾದರೂ ತಲೆನೋವು ಜಾಸ್ತಿ. ಮನೆಯಲ್ಲೇ ಕುಳಿತು ಆಮಂತ್ರಣ ಪತ್ರಿಕೆ, ಪುಸ್ತಕ ಪುಟ ಮಾಡುವವರು ಪೇಜ್‌ಮೇಕರ್, ಫೋಟೊಶಾಪ್ ಬಿಟ್ಟು ಬದುಕಲಾರರು. ಲಿನಕ್ಸ್‌ನಲ್ಲಿ ಚಿತ್ರದ ಕೆಲಸಕ್ಕಿರುವ ಇಂಕ್‌ಸ್ಕೇಪ್, ಗಿಂಪ್ ಒಳ್ಳೆಯವೇ, ಆದರೆ ಪ್ರೆಸ್ಸಿನವರು ಕೇಳುವುದು ಆ ಹಳೆ ತಂತ್ರಾಂಶಗಳ ಫೈಲುಗಳನ್ನು. ಇಂಥವರಿಗೆ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ದಾರಿ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ಪ್ರಿಂಟರ್. ಹೆಚ್‌ಪಿ ಪ್ರಿಂಟರುಗಳಿಗೆ ಲಿನಕ್ಸ್‌ನಲ್ಲಿ ಒಳ್ಳೆಯ ಬೆಂಬಲ ಇದೆ. ಲೇಸರ್‌ಜೆಟ್ 1020ರಂಥ ಕೆಲವು ಮಾದರಿಗಳಿಗೆ ಮಾತ್ರ ಹೆಚ್‌ಪಿಯ ಒಂದು ಪ್ಲಗಿನ್ ಕೂಡಾ ಹಾಕಬೇಕು. ನಮ್ಮಲ್ಲಿ ತುಂಬಾ ಕಡೆ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಹಠಮಾರಿ. ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್ ಕೂರಿಸುವುದು ಹೊಸಬರ ಕೆಲಸವಲ್ಲ. ನಿಮ್ಮ ಮನೆಯಲ್ಲಿ ಅದೇ ಇದ್ದರೆ, ದಿನಾ ಪ್ರಿಂಟ್ ತೆಗೆಯುವವರಾಗಿದ್ದರೆ, ಲಿನಕ್ಸ್ ತಿಳಿದವರು ಬಂದು ಕೂರಿಸಿಕೊಡುವವರೆಗೆ ಕಾಯಿರಿ.

ಯಾವ ಲಿನಕ್ಸ್?

ಹೆಸರುಗಳು ನೂರಾರಿವೆ. ಹೊಸಬರು ಅವೆಲ್ಲ ನೋಡುತ್ತಾ ಕೂರುವುದು ಬೇಡ. ವಿಂಡೋಸ್ ನೋಡಿ ಅಭ್ಯಾಸವಾದ ಹಿರಿಯರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್. ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ಮುಚ್ಚುವ ಗುಂಡಿ ಬಲಗಡೆ. ಎಲ್ಲ ನೋಡಿದ ಜಾಗದಲ್ಲೇ ಇರುತ್ತದೆ. ಮಿಂಟ್ 22 ಸಾಲಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಅದರಲ್ಲಿ ಸಿನಮನ್ ಎಂಬ ರೂಪ ಚೆಂದ, ಎಕ್ಸ್‌ಎಫ್‌ಸಿಇ ಎಂಬ ರೂಪ ಹಗುರ. ನಾಲ್ಕು ಜಿಬಿ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ, ಎಂಟು ಇದ್ದರೆ ಸಿನಮನ್. ಎರಡೇ ಜಿಬಿ ಇದ್ದರೆ ಮಿಂಟ್ ಕೂರುತ್ತದೆ ಅನ್ನುವುದು ನಿಜ, ಆದರೆ ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದ ಕೂಡಲೇ ಏದುಸಿರು ಬಿಡುತ್ತದೆ. ಆಗ ರ‍್ಯಾಮ್ ಹಾಕಿಸಿ.

ಮನೆಯಲ್ಲಿ ಹೈಸ್ಕೂಲ್ ಮಗುವೇ ಹೆಚ್ಚು ಬಳಸುವುದಾದರೆ ಕೈಟ್‌ನವರು ಶಾಲೆಗೆಂದು ತಿದ್ದಿದ ಆ ಉಬುಂಟುವನ್ನೇ, ಅಂದರೆ ಕೈಟ್ ಗ್ನು/ಲಿನಕ್ಸ್ 22.04 ಹಾಕಿ. ಶಾಲೆಯಲ್ಲಿ ಇರುವ ಜಿಯೊಜೀಬ್ರ, ಸ್ಕ್ರ್ಯಾಚ್, ಗಿಂಪ್ ಎಲ್ಲ ಅದರಲ್ಲೇ ತುಂಬಿಕೊಂಡು ಬರುತ್ತವೆ. ಪರೀಕ್ಷೆಗೆ ಮೊದಲು ಮನೆಯಲ್ಲೇ ಅಭ್ಯಾಸ ಮಾಡಬಹುದು. ಕೈಟ್‌ನವರು ಅದನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತಾರೆ. ಅದು ನಿಂತಿರುವ ಉಬುಂಟು 22.04ರ ಸಾಮಾನ್ಯ ಬೆಂಬಲ 2027ರವರೆಗೆ ಎಂಬುದು ನೆನಪಿರಲಿ.

ರ‍್ಯಾಮ್ ಬಗ್ಗೆ ಹೇಳುವಾಗ ಇನ್ನೊಂದು ಮಾತು ಸೇರಿಸಲೇಬೇಕು. ಹಳೆ ಯಂತ್ರ ನಿಧಾನ ಅಂತ ದೂರುವವರಲ್ಲಿ ಹೆಚ್ಚಿನವರ ತೊಂದರೆ ಒಳಗೆ ತಿರುಗುವ ಹಾರ್ಡ್‌ಡಿಸ್ಕ್. ಅದನ್ನು ತೆಗೆದು 240 ಜಿಬಿಯ ಒಂದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್ ಹಾಕಿಸಿ ನೋಡಿ. ಲಿನಕ್ಸ್‌ನಿಂದ ಸಿಗುವುದಕ್ಕಿಂತ ದೊಡ್ಡ ಬದಲಾವಣೆ ಇದರಿಂದ ಸಿಗುತ್ತದೆ. ಎರಡೂ ಸೇರಿದರೆ ಹತ್ತು ವರ್ಷದ ಲ್ಯಾಪ್‌ಟಾಪ್ ಮತ್ತೆ ಕೆಲಸಕ್ಕೆ ಬರುತ್ತದೆ. ಹಳೆ ಡಿಸ್ಕನ್ನು ಎತ್ತಿಟ್ಟರೆ ಅದರೊಳಗಿನ ವಿಂಡೋಸ್, ಫೋಟೊ ಎಲ್ಲ ಹಾಗೇ ಇರುತ್ತದೆ. ಅಂಜಿಕೆ ಇರುವವರಿಗೆ ನಾನು ಹೇಳುವ ಸುರಕ್ಷಿತ ದಾರಿ ಇದೇ.

ಹಾಕುವ ಮೊದಲು ನೋಡಿ

ಲಿನಕ್ಸ್‌ನ ಅತ್ಯಂತ ಒಳ್ಳೆಯ ಗುಣ ಇದು: ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವಿನಿಂದ ನಡೆಸಿ ನೋಡಬಹುದು. ಕಂಪ್ಯೂಟರಿನ ಒಳಗೆ ಏನೂ ಬದಲಾಗುವುದಿಲ್ಲ.

8 ಜಿಬಿ ಪೆನ್‌ಡ್ರೈವ್ ಸಾಕು, ಅದರಲ್ಲಿ ಇದ್ದದ್ದು ಅಳಿಸಿಹೋಗುತ್ತದೆ ಎಂಬುದು ಗಮನದಲ್ಲಿರಲಿ. ಮಿಂಟ್‌ನ ಅಧಿಕೃತ ಜಾಲತಾಣದಿಂದ ಐಎಸ್‌ಒ ಫೈಲ್ ಇಳಿಸಿಕೊಳ್ಳಿ, ಇಡೀ ಮಿಂಟ್ ಆ ಒಂದೇ ಫೈಲಿನಲ್ಲಿರುತ್ತದೆ. ಮೂರು ಜಿಬಿ ಹತ್ತಿರ ಇರುತ್ತದೆ. ಮೊಬೈಲ್ ಡೇಟಾದಲ್ಲಿ ಒದ್ದಾಡುವ ಬದಲು ಫೈಬರ್ ಇರುವ ನೆಂಟರ ಮನೆಯಲ್ಲೋ ಪೇಟೆಯ ಗೆಳೆಯರ ಹತ್ತಿರವೋ ಇಳಿಸಿ. ಬಲೆನಾಎಚರ್ ಅಥವಾ ರುಫಸ್ ಎಂಬ ಉಚಿತ ತಂತ್ರಾಂಶದಲ್ಲಿ ಆ ಫೈಲನ್ನು ಪೆನ್‌ಡ್ರೈವಿಗೆ ಬರೆಸಿ. ಸುಮ್ನೆ ಕಾಪಿ, ಪೇಸ್ಟ್ ಮಾಡಿದರೆ ಆಗುವುದಿಲ್ಲ.

ಈಗ ಕಂಪ್ಯೂಟರ್ ಆಫ್ ಮಾಡಿ, ಪೆನ್‌ಡ್ರೈವ್ ಸಿಕ್ಕಿಸಿ, ಆನ್ ಮಾಡಿದ ಕೂಡಲೇ ಒಂದು ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊಗಳಲ್ಲಿ ಹೆಚ್ಚಾಗಿ ಎಫ್12, ಹೆಚ್‌ಪಿಯಲ್ಲಿ ಎಸ್ಕೇಪ್ ಆಮೇಲೆ ಎಫ್9, ಏಸಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಬರುವ ಪಟ್ಟಿಯಲ್ಲಿ ಯುಎಸ್‌ಬಿ ಆರಿಸಿ. ಕೆಲವು ನಿಮಿಷದಲ್ಲಿ ಮಿಂಟ್‌ನ ಮುಖ ಕಾಣುತ್ತದೆ. ಪೆನ್‌ಡ್ರೈವಿನಿಂದ ನಡೆಯುವುದರಿಂದ ಸ್ವಲ್ಪ ನಿಧಾನ. ಒಳಗೆ ಕೂರಿಸಿದ ಮೇಲೆ ಹಾಗಿರುವುದಿಲ್ಲ.

ಈಗ ಆತುರ ಬೇಡ. ವೈಫೈ ಸಿಗುತ್ತದಾ? ಶಬ್ದ ಬರುತ್ತದಾ? ಕ್ಯಾಮರಾ, ಮೈಕ್ ಕೆಲಸ ಮಾಡುತ್ತವಾ? ಪ್ರಿಂಟರ್ ಜೋಡಿಸಿ ಒಂದು ಹಾಳೆ ತೆಗೆಯಿರಿ. ಲ್ಯಾಪ್‌ಟಾಪ್ ಮುಚ್ಚಿ ತೆರೆದು ನೋಡಿ. ಬ್ಯಾಂಕಿನ ಪುಟ, ಶಾಲೆಯ ಪುಟ ತೆರೆದು ನೋಡಿ. ಮನೆಯಲ್ಲಿ ಕಂಪ್ಯೂಟರ್ ಹೆಚ್ಚು ಬಳಸುವವರನ್ನೇ ಕೂರಿಸಿ, ನೀವು ಪಕ್ಕದಲ್ಲಿ ಸುಮ್ಮನಿರಿ. ಅಜ್ಜನಿಗೆ ಯಕ್ಷಗಾನದ ವಿಡಿಯೊ ಹುಡುಕಲು ಬಂತು, ಅಮ್ಮನಿಗೆ ಫೋಟೊ ತೆರೆಯಲು ಬಂತು ಅಂದರೆ ಅರ್ಧ ಕೆಲಸ ಆಯಿತು. ವೈಫೈ ಸಿಗದೆ ಇದ್ದರೆ ಗಾಬರಿ ಬೇಡ. ಬ್ರಾಡ್‌ಕಾಮ್ ಮತ್ತು ರಿಯಲ್‌ಟೆಕ್‌ನ ಕೆಲವು ಚಿಪ್‌ಗಳಿಗೆ ಬೇರೆ ಡ್ರೈವರ್ ಬೇಕು. ಮೊಬೈಲನ್ನು ಯುಎಸ್‌ಬಿಯಲ್ಲಿ ಜೋಡಿಸಿ ನೆಟ್ ಹಂಚಿ, ಡ್ರೈವರ್ ಮ್ಯಾನೇಜರ್ ತೆರೆದರೆ ಅನೇಕ ಸಲ ಅದೇ ಹುಡುಕಿ ಕೊಡುತ್ತದೆ.

ಬ್ಯಾಕಪ್, ಆಮೇಲೆ ಇನ್‌ಸ್ಟಾಲ್

ಫೋಟೊ, ದಾಖಲೆಗಳ ಸ್ಕ್ಯಾನ್, ಜಾಗದ ಕಾಗದಪತ್ರ, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಎಲ್ಲವೂ ಹೊರಗಿನ ಒಂದು ಹಾರ್ಡ್‌ಡಿಸ್ಕಿಗೆ ಹೋಗಲಿ. ಕಾಪಿ ಆದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ಹಾಕಿ ನಾಲ್ಕೈದು ಫೈಲ್ ತೆರೆದು ನೋಡಿ. ಇದನ್ನು ಮಾಡದೆ ಮುಂದಿನ ಹೆಜ್ಜೆ ಇಡಲೇಬೇಡಿ, ದಯವಿಟ್ಟು.

ಡೆಸ್ಕ್‌ಟಾಪ್ ಮೇಲಿರುವ ಇನ್‌ಸ್ಟಾಲ್ ಗುರುತನ್ನು ಒತ್ತಿದರೆ ಪ್ರಶ್ನೆಗಳು ಒಂದೊಂದಾಗಿ ಬರುತ್ತವೆ. ಮುಖ್ಯ ಪ್ರಶ್ನೆ ಒಂದೇ: ವಿಂಡೋಸ್ ಜೊತೆಗೆ ಹಾಕಬೇಕೋ, ಡಿಸ್ಕ್ ಪೂರ್ತಿ ಅಳಿಸಿ ಹಾಕಬೇಕೋ? ಟ್ಯಾಲಿಯಂಥ ಕೆಲಸ ಇರುವವರು ಮೊದಲನೆಯದನ್ನು ಆರಿಸಿ. ಆನ್ ಮಾಡುವಾಗ ಯಾವುದು ಬೇಕು ಅಂತ ಅದೇ ಕೇಳುತ್ತದೆ. ಹಾಗೆ ಹಾಕುವ ಮೊದಲು ವಿಂಡೋಸ್‌ನಲ್ಲಿ ಎರಡು ಕೆಲಸ ಮಾಡಿರಬೇಕು. ಬೇಗ ಆನ್ ಆಗಲೆಂದು ವಿಂಡೋಸ್‌ನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲವಾದರೆ ವಿಂಡೋಸ್‌ನ ಡ್ರೈವಿಗೆ ಲಿನಕ್ಸ್‌ನಿಂದ ಏನೂ ಬರೆಯಲು ಆಗುವುದಿಲ್ಲ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ, ಇದ್ದರೆ ಅದರ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟು, ಅದನ್ನು ಆಫ್ ಮಾಡಿ. ಹೊಸ ಲ್ಯಾಪ್‌ಟಾಪುಗಳಲ್ಲಿ ನೀವು ಹೇಳದೆಯೂ ಅದು ಆನ್ ಆಗಿರಬಹುದು.

ವಿಡಿಯೊ ನಡೆಸಲು ಬೇಕಾದ ಮೀಡಿಯಾ ಕೋಡೆಕ್ ಹಾಕಲೇ ಅಂತ ಕೇಳಿದಾಗ ಹೌದು ಅನ್ನಿ. ಸಮಯವಲಯ ಕೋಲ್ಕತಾ ಅಂತ ಕಾಣುತ್ತದೆ, ಅದು ಸರಿ. ಪಾಸ್‌ವರ್ಡ್ ನೆನಪಿರುವಂಥದ್ದು ಇರಲಿ, ಯಾಕೆಂದರೆ ಹೊಸ ತಂತ್ರಾಂಶ ಹಾಕುವಾಗೆಲ್ಲ ಅದನ್ನೇ ಕೇಳುತ್ತದೆ.

ಒಂದು ಎಚ್ಚರಿಕೆ ನಮ್ಮ ಊರಿಗೆಂದೇ ಹೇಳಬೇಕು. ತುಲಾ ಮಾಸದ ಗುಡುಗು ಸಿಡಿಲಿನ ಸಂಜೆ ಈ ಕೆಲಸಕ್ಕೆ ಕೂರಬೇಡಿ. ಡಿಸ್ಕ್ ಬರೆಯುವ ಮಧ್ಯೆ ಕರೆಂಟು ಹೋದರೆ ಮೊದಲಿನಿಂದ ಶುರು ಮಾಡಬೇಕು, ಜೊತೆಗಿದ್ದ ವಿಂಡೋಸ್ ಕೂಡಾ ಹೋಗಬಹುದು. ಬೆಳಗ್ಗೆ ಕೂರಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ, ಲ್ಯಾಪ್‌ಟಾಪ್ ಆದರೆ ಚಾರ್ಜ್ ತುಂಬಿರಲಿ.

ಕನ್ನಡವೂ ಬೇಕು, ಮಲಯಾಳವೂ ಬೇಕು

ಗಡಿಯ ಜನರಿಗೆ ಎರಡು ಭಾಷೆಯಲ್ಲಿ ಟೈಪ್ ಮಾಡುವ ಅಗತ್ಯ ಇದ್ದೇ ಇದೆ. ಮನೆಯ ಪತ್ರ ಕನ್ನಡದಲ್ಲಿ, ಕೆಲವು ಅರ್ಜಿ ಮಲಯಾಳದಲ್ಲಿ. ಲಿನಕ್ಸ್ ನಮಗೆ ನಿಜವಾಗಿ ಅನುಕೂಲವಾಗುವುದು ಇಲ್ಲಿ.

ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಲೇಔಟ್ ಎಂಬಲ್ಲಿ ಕನ್ನಡ, ಮಲಯಾಳ ಎರಡನ್ನೂ ಸೇರಿಸಿ. ಇವೆರಡೂ ಇನ್‌ಸ್ಕ್ರಿಪ್ಟ್ ವಿನ್ಯಾಸದವು. ಒಂದು ಶಾರ್ಟ್‌ಕಟ್ ಗೊತ್ತು ಮಾಡಿಕೊಂಡರೆ ಇಂಗ್ಲಿಷ್, ಕನ್ನಡ, ಮಲಯಾಳ ಅಂತ ತಿರುಗಿಸುತ್ತಾ ಹೋಗಬಹುದು. ಇನ್‌ಸ್ಕ್ರಿಪ್ಟ್‌ನಲ್ಲಿ ಭಾರತದ ಲಿಪಿಗಳಿಗೆಲ್ಲ ಕೀಗಳ ಜಾಗ ಹೆಚ್ಚುಕಮ್ಮಿ ಒಂದೇ. ಇಂಗ್ಲಿಷಿನ ಕೆ ಒತ್ತಿದರೆ ಕನ್ನಡದಲ್ಲೂ ಕ, ಮಲಯಾಳದಲ್ಲೂ ಕ. ಡಿ ಒತ್ತಿದರೆ ಎರಡರಲ್ಲೂ ಅರ್ಧಾಕ್ಷರದ ಗುರುತು. ಶಾಲೆಯಲ್ಲಿ ಒಂದು ಭಾಷೆಯಲ್ಲಿ ಬೆರಳು ಪಳಗಿದ ಮಗುವಿಗೆ ಇನ್ನೊಂದು ಬಿಟ್ಟಿಯಾಗಿ ಬಂದ ಹಾಗೆ.

ನುಡಿ ಕೀಬೋರ್ಡಿನ ಅಭ್ಯಾಸ ಇರುವವರು ಅದನ್ನು ಬಿಡಬೇಕಾಗಿಲ್ಲ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಐಬಸ್ ಎಂ17ಎನ್ (ibus-m17n) ಎಂಬ ಟೈಪಿಂಗ್ ತಂತ್ರಾಂಶ ಹುಡುಕಿ ಹಾಕಿ, ಇನ್‌ಪುಟ್ ಮೆಥಡ್ ಎಂಬಲ್ಲಿ ಐಬಸ್ ಆರಿಸಿ, ಲಾಗೌಟ್ ಆಗಿ ಬನ್ನಿ. ಅದರೊಳಗೆ ಕನ್ನಡಕ್ಕೆ ಕೆಜಿಪಿ ವಿನ್ಯಾಸ ಇದೆ, ಕನ್ನಡ ಗಣಕ ಪರಿಷತ್ತಿನದ್ದು, ನುಡಿಯಲ್ಲಿರುವಂಥದ್ದೇ. ಬರಹದಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುತ್ತಿದ್ದವರು ಐಟ್ರಾನ್ಸ್ ಆರಿಸಿ. ಪೂರ್ತಿ ಒಂದೇ ಅಲ್ಲ, ಬೇಗ ಹೊಂದಿಕೊಳ್ಳಬಹುದು.

ಫಾಂಟ್‌ಗಳಿಗೆ ನೋಟೊ ಸಾನ್ಸ್ ಕನ್ನಡ, ಲೋಹಿತ್ ಕನ್ನಡ, ಗುಬ್ಬಿ, ನವಿಲು ಇವೆ. ಮಲಯಾಳಕ್ಕೆ ಮೀರ, ರಚನ, ಮಂಜರಿ. ಎಲ್ಲ ಉಚಿತ. ಮಂಜರಿ ಬಹಳ ಅಂದದ ಫಾಂಟ್, ಒಮ್ಮೆ ಹಾಕಿ ನೋಡಿ.

ಇಲ್ಲಿ ಒಂದು ನಿಜವಾದ ತೊಡಕಿದೆ. ಹತ್ತಿಪ್ಪತ್ತು ವರ್ಷದ ಹಿಂದೆ ನುಡಿ, ಬರಹಗಳಲ್ಲಿ ಟೈಪ್ ಮಾಡಿದ ಕಡತಗಳು ಎಷ್ಟೋ ಮನೆಗಳಲ್ಲಿವೆ. ವಂಶಾವಳಿ, ಭಜನೆಯ ಸಂಗ್ರಹ, ದೇವಸ್ಥಾನದ ಲೆಕ್ಕ, ತಾಳಮದ್ದಳೆಯ ಟಿಪ್ಪಣಿ. ಅವುಗಳಲ್ಲಿ ಹೆಚ್ಚಿನವು ಇಂದಿನ ಎಲ್ಲ ಯಂತ್ರಗಳೂ ಓದುವ ಯೂನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿಲ್ಲ. ಲಿನಕ್ಸ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಕಡತ ಹಾಳಾಯಿತು ಅಂದುಕೊಳ್ಳಬೇಡಿ. ಆ ಹಳೆ ಫಾಂಟ್ ಫೈಲನ್ನು ವಿಂಡೋಸ್‌ನಿಂದ ತಂದು ಎರಡು ಸಲ ಒತ್ತಿ ಇನ್‌ಸ್ಟಾಲ್ ಮಾಡಿದರೆ ಓದಲು ಬರುತ್ತದೆ. ಆದರೆ ಶಾಶ್ವತ ಪರಿಹಾರ ಅದನ್ನು ಯೂನಿಕೋಡ್‌ಗೆ ಬದಲಿಸುವುದು. ಪರಿವರ್ತಕಗಳು ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಒಂದೊಂದಾಗಿ ನೋಡಬೇಕು, ತಪ್ಪುವುದು ಹೆಚ್ಚಾಗಿ ಅಲ್ಲೇ. ಲಿನಕ್ಸ್ ಹಾಕಿದರೂ ಹಾಕದಿದ್ದರೂ ಈ ಕೆಲಸ ಮಾಡಿಡಿ. ಇಂದಿನ ಮೊಬೈಲಿನಲ್ಲೂ ಆ ಹಳೆ ಕಡತ ಓದಲು ಬರುವುದಿಲ್ಲ ಅಲ್ವಾ?

ಲಿಬ್ರೆಆಫೀಸಿನಲ್ಲಿ ಕನ್ನಡ ಬರೆಯುವವರಿಗೆ ಒಂದು ಸೂಚನೆ. ಟೂಲ್ಸ್, ಆಪ್ಶನ್ಸ್, ಲಾಂಗ್ವೇಜಸ್ ಒಳಗೆ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬುದಕ್ಕೆ ಗುರುತು ಹಾಕಿ, ಅಲ್ಲಿ ಕನ್ನಡ ಆರಿಸಿ. ಕನ್ನಡದ ಫಾಂಟ್ ಮತ್ತು ಗಾತ್ರವನ್ನು ಅದು ಇಂಗ್ಲಿಷಿನಿಂದ ಬೇರೆಯಾಗಿ ಲೆಕ್ಕ ಹಿಡಿಯುತ್ತದೆ. ಇದು ಗೊತ್ತಿಲ್ಲದೆ, ಅಕ್ಷರ ದೊಡ್ಡದು ಮಾಡಿದರೂ ಆಗುವುದಿಲ್ಲ ಅಂತ ಬೇಸರಪಟ್ಟು ಬಿಟ್ಟವರಿದ್ದಾರೆ. ವರ್ಡ್ ಫೈಲ್ ತೆರೆದಾಗ ಪುಟ ಅಲ್ಲಿ ಇಲ್ಲಿ ಜಾರಿದರೆ, ತುಂಗಾ, ನಿರ್ಮಲಾದಂಥ ವಿಂಡೋಸ್ ಫಾಂಟ್ ಇಲ್ಲದ್ದೇ ಹೆಚ್ಚಿನ ಸಲ ಕಾರಣ. ಬೇರೆಯವರಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ.

ಮೊದಲ ದಿನ ಮಾಡಿಡಬೇಕಾದ್ದು

ಅಪ್‌ಡೇಟ್ ಮ್ಯಾನೇಜರ್ ತೆರೆದು ಬಂದದ್ದೆಲ್ಲ ಹಾಕಿಸಿ. ಟೈಮ್‌ಶಿಫ್ಟ್ ಎಂಬ ಸಾಧನದಲ್ಲಿ ವಾರಕ್ಕೊಂದು ಪ್ರತಿ ಉಳಿಯುವ ಹಾಗೆ ಮಾಡಿ. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಹೋಗಬಹುದು. ಆದರೆ ಅದು ಉಳಿಸುವುದು ವ್ಯವಸ್ಥೆಯ ಫೈಲುಗಳನ್ನು, ನಿಮ್ಮ ಫೋಟೊಗಳನ್ನಲ್ಲ. ಫೋಟೊಗಳ ಬ್ಯಾಕಪ್ ಬೇರೆಯೇ ಇರಬೇಕು.

ಹಿರಿಯರಿಗಾಗಿ ಡೆಸ್ಕ್‌ಟಾಪಿನಲ್ಲಿ ನಾಲ್ಕೇ ಗುರುತು ಇಡಿ: ಬ್ರೌಸರ್, ಫೋಟೊ, ಪತ್ರ, ಆಫ್. ಅಕ್ಷರದ ಗಾತ್ರ ದೊಡ್ಡದು ಮಾಡಿ. ಫೈರ್‌ಫಾಕ್ಸ್ ಮತ್ತು ಲಿಬ್ರೆಆಫೀಸ್‌ಗಳ ಮೆನು ಕನ್ನಡದಲ್ಲೂ ಸಿಗುತ್ತದೆ. ಮಿಂಟ್‌ನ ಉಳಿದ ಭಾಗ ಕನ್ನಡಕ್ಕೆ ಹಾಕಿದರೆ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಬೆರೆತು ಬರುತ್ತದೆ. ಅದು ಪೂರ್ತಿಯಾಗಬೇಕೆಂಬ ಆಸೆ ನನಗಿದೆ. ಅನುವಾದಕ್ಕೆ ಯಾರು ಬೇಕಾದರೂ ಸೇರಬಹುದು, ನಮ್ಮ ಜಿಲ್ಲೆಯಲ್ಲಿ ಒಳ್ಳೆಯ ಕನ್ನಡ ಬರೆಯುವವರಿಗೆ ಕೊರತೆಯಿಲ್ಲ.

ಲಿನಕ್ಸ್‌ಗೆ ವೈರಸ್ ಬರುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತೊಂದರೆ ಕಡಿಮೆ ಎಂಬುದು ನಿಜ, ಅಪ್‌ಡೇಟ್ ಹಾಕುತ್ತಿದ್ದು, ಸಾಫ್ಟ್‌ವೇರ್ ಮ್ಯಾನೇಜರಿನಿಂದಲೇ ತಂತ್ರಾಂಶ ತಂದರೆ ಆಂಟಿವೈರಸ್‌ಗೆ ದುಡ್ಡು ಹಾಕಬೇಕಾಗಿಲ್ಲ. ಆದರೆ ನಕಲಿ ಬ್ಯಾಂಕ್ ಪುಟದಲ್ಲಿ ನೀವೇ ಒಟಿಪಿ ಹಾಕಿದರೆ ಯಾವ ಲಿನಕ್ಸ್ ಕೂಡಾ ತಡೆಯುವುದಿಲ್ಲ. ಹಣ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕೆಂದು ಮನೆಯವರಿಗೆಲ್ಲ ಹೇಳಿಡಿ.

ಸಿಕ್ಕಿಹಾಕಿಕೊಂಡರೆ

ಮೊದಲು ಮಗುವನ್ನು ಕೇಳಿ, ಆಮೇಲೆ ಅದರ ಐಟಿ ಟೀಚರನ್ನು. ಪೇಟೆಯ ರಿಪೇರಿ ಅಂಗಡಿಗೆ ಒಯ್ದರೆ ಮಾತ್ರ ಮೊದಲೇ ಹೇಳಿ: ನನಗೆ ಕೇಳದೆ ವಿಂಡೋಸ್ ಹಾಕಬೇಡಿ. ಲಿನಕ್ಸ್ ಕಂಡ ಕೂಡಲೇ ಫಾರ್ಮ್ಯಾಟ್ ಮಾಡಿಬಿಡುವವರಿದ್ದಾರೆ, ಜೊತೆಗೆ ಫೋಟೊಗಳೂ ಹೋಗುತ್ತವೆ. ಯಾರನ್ನೇ ಕೇಳುವಾಗಲೂ ಕಂಪ್ಯೂಟರಿನ ಮಾದರಿ, ಮಿಂಟ್‌ನ ಸಂಖ್ಯೆ, ತೊಂದರೆ ಬರುವ ಮೊದಲು ನೀವು ಒತ್ತಿದ್ದು ಏನು ಎಂಬುದು ಹೇಳಿ. ಸ್ಕ್ರೀನಿನಲ್ಲಿ ಬಂದ ಸಂದೇಶವನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಆ ಸಂದೇಶದ ಸಾಲನ್ನು ಹಾಗೇ ಹುಡುಕಿದರೆ, ಹತ್ತರಲ್ಲಿ ಎಂಟು ಸಲ ಬೇರೆ ಯಾರೋ ಅದೇ ತೊಂದರೆ ಅನುಭವಿಸಿ, ಬಿಡಿಸಿಕೊಂಡದ್ದೂ ಸಿಗುತ್ತದೆ.